ಶ್ರಾವಣದಾಗ ನೆನೆಸಿದ ಶೇಂಗಾ

ಎರಡು ಕಿಲೋ ಶೇಂಗಾ, ಅರ್ಧ ಕಿಲೋ ಬಾದಾಮಿ. ಹೋದ ಶ್ರಾವಣದಲ್ಲಿ ನಾನು ಹಾಳು ಮಾಡಿದ್ದು ಇಷ್ಟು. ಬಾದಾಮಿ ನನ್ನ ದುಡ್ಡಿನದು, ಹೋದರೆ ಹೋಯಿತು. ಶೇಂಗಾ ಮಾತ್ರ ಅವ್ವ ಮೂರು ಸಂಜೆ ಕುಳಿತು ಕೈಯಿಂದ ಸುಲಿದದ್ದು.

ಅಕ್ಕ ಚೊಚ್ಚಲ ಬಸುರಿ, ಹುಡಗಿಗೆ ತವರಿಗೆ ಬಂದಿದ್ದಳು. ಅವಳಿಗೇನು ತಿನ್ನಿಸಬೇಕೆಂದು ಮೊಬೈಲಿನಲ್ಲಿ ಹುಡುಕುವಾಗ ಒಂದು ವಿಡಿಯೊ ಸಿಕ್ಕಿತು. ಶೇಂಗಾ, ಬಾದಾಮಿಯನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿ, ಮೆಲ್ಲಗೆ ಒಣಗಿಸಿಟ್ಟುಕೊಂಡರೆ ಬೇಗ ಜೀರ್ಣವಾಗುತ್ತದೆ, ಸತ್ವ ಪೂರ್ತಿ ಸಿಗುತ್ತದೆ ಅಂತ. ಅವರ ಹತ್ತಿರ ಅದಕ್ಕೊಂದು ಯಂತ್ರವಿತ್ತು. ಡಬ್ಬಿಯಂಥದ್ದು, ಒಳಗೆ ಜಾಳಿಗೆ ತಟ್ಟೆಗಳು, ಹಗಲು ರಾತ್ರಿ ಬಿಸಿಗಾಳಿ ಊದುತ್ತದೆ. ನಮ್ಮ ಹತ್ತಿರ ಇದ್ದದ್ದು ಸೀಲಿಂಗ್ ಫ್ಯಾನು. ಮಳೆ ಬಂದರೆ ಅದೂ ನಿಲ್ಲುತ್ತದೆ.

ಅವ್ವ ನೋಡಿ ನಕ್ಕಳು. "ಈ ಮಳ್ಯಾಗ ಯಾನ್ ಒಣಗಸ್ತೀ? ನೆನಿದ ಕಾಳು ಅವತ್ತೇ ಒಲಿಗಿ ಹೋಗ್ಬೇಕು."

ನೆನೆಸುವುದು ಅವಳಿಗೆ ಹೊಸದಲ್ಲ. ಎಳ್ಳಮವಾಸ್ಯೆಯ ಭಜ್ಜಿಗೆ ರಾತ್ರಿ ನೆನೆಹಾಕಿದ ಶೇಂಗಾ ಬೆಳಗಾಗುವುದರೊಳಗೆ ಬೇಯುತ್ತದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ತಿನ್ನುವಂಥ ಖಾರಾ ಶೇಂಗಾ ಮನೆಯಲ್ಲೂ ಮಾಡುತ್ತಾಳೆ: ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಿಸಿಲಿಗೆ ಹರವಿ, ಸಂಜೆಗೆ ಕಾದ ಉಸುಕಿನಲ್ಲಿ ಹುರಿಯುವುದು. ನೆನೆದದ್ದನ್ನು ಹಸಿಯಾಗಿ ಡಬ್ಬಿಗೆ ತುಂಬಿಟ್ಟಿದ್ದನ್ನು ನಾನೆಂದೂ ನೋಡಿಲ್ಲ. ಆದರೂ ಕೇಳಲಿಲ್ಲ.

ಮೂರು ದಿನ ಫ್ಯಾನಿನ ಕೆಳಗಿಟ್ಟೆ. ಮೇಲೆ ಒಣಗಿದಂತೆ ಕಂಡಿತು, ತುಂಬಿಟ್ಟೆ. ಹತ್ತು ದಿನಕ್ಕೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಕಾಳಿನ ಮೇಲೆ ಹಳದಿ ಹಸಿರು ಬೂಸ್ಟು.

ಶೇಂಗಾ ಕಾಳು ಕೆಡದೆ ಇರಬೇಕಾದರೆ ಅದರ ತೇವ ನೂರಕ್ಕೆ ಏಳೆಂಟಕ್ಕಿಂತ ಹೆಚ್ಚಿರಬಾರದು. ರಾತ್ರಿಯಿಡೀ ನೆನೆದ ಕಾಳಿನಲ್ಲಿ ಅದರ ಹಲವು ಪಟ್ಟು ನೀರಿರುತ್ತದೆ. ಸಿಪ್ಪೆ ಬೇಗ ಒಣಗಿ ನಮ್ಮನ್ನು ಮೋಸ ಮಾಡುತ್ತದೆ, ಎರಡು ಹೋಳಿನ ನಡುವೆ ಹಸಿ ಹಾಗೇ ಇರುತ್ತದೆ. ಅಲ್ಲಿ ಬೆಳೆಯುವ ಬೂಸ್ಟುಗಳಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬುದೊಂದು. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡಬಲ್ಲದು, ಆ ವಿಷ ಪಿತ್ತಜನಕಾಂಗಕ್ಕೆ ಕುತ್ತು. ಎಲ್ಲ ಬೂಸ್ಟೂ ವಿಷ ಬಿಡುವುದಿಲ್ಲ, ಆದರೆ ಕಣ್ಣಲ್ಲಿ ನೋಡಿ ಯಾವುದೆಂದು ಹೇಳಲಾಗದು.

ಅವ್ವ ಅಂದಳು, "ತೊಳ್ದು ಬಿಸಲಿಗಿ ಹಾಕಿ ಹುರದ್ರ ಎಲ್ಲಾ ಹೋಗ್ತದ. ಹಿಂಡಿ ಕುಟ್ತೀನಿ."

ಬೂಸ್ಟು ಹೋಗುತ್ತದೆ, ವಿಷ ಹೋಗುವುದಿಲ್ಲ. ಮನೆಯಲ್ಲಿ ಹುರಿಯುವ ಬೆಂಕಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ನಾನು 1974ರ ಸುದ್ದಿ ಹೇಳಿದೆ. ರಾಜಸ್ಥಾನ, ಗುಜರಾತಿನ ಗಡಿಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಅವರ ಮನೆಯ ಅಡುಗೆ ತಿಂದ ನಾಯಿಗಳೂ ಸತ್ತವು. ಅದನ್ನು ಹೋಗಿ ಪರೀಕ್ಷಿಸಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು. ನಮ್ಮೂರ ಹೈವೇ ಹಿಡಿದರೆ ಅದೇ ಹೈದರಾಬಾದು. ದಾರಿಯಲ್ಲಿ ಪಟಾಂಚೆರುವಿನ ಇಕ್ರಿಸ್ಯಾಟ್ ಸಿಗುತ್ತದೆ, ಅವರೂ ಶೇಂಗಾದ ಈ ವಿಷದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು.

ಅವ್ವನಿಗೆ ಈ ಊರುಗಳ ಹೆಸರಿನಿಂದ ಏನೂ ಆಗಲಿಲ್ಲ. "ನಮಗ ಬ್ಯಾಡಾದ್ರ ಎಮ್ಮಿಗರೆ ಹಾಕು. ಅನ್ನ ಚೆಲ್ಲಬಾರ್ದು."

"ಎಮ್ಮಿ ತಿಂದ್ರ ಹಾಲಿನಾಗೂ ಬರ್ತದ ಅವ್ವಾ. ಆ ಹಾಲು ಯಾರ್ ಕುಡೀತಾರ?"

ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಏಳು ತಿಂಗಳ ಹೊಟ್ಟೆ. ಅವ್ವ ಮಾತಾಡಲಿಲ್ಲ. ಸಲಿಕೆ ತಗೊಂಡು ಹಿತ್ತಲಿಗೆ ಹೋಗಿ, ಕೋಳಿ ಕೆದರದಷ್ಟು ಆಳದ ಗುಂಡಿ ತೋಡಿ ತಾನೇ ಸುರಿದಳು. ಎರಡು ದಿನ ನನ್ನ ಜೊತೆ ಮಾತಿಲ್ಲ.

ಇಷ್ಟೆಲ್ಲ ಆದಮೇಲೆ ನಾನು ಓದಿದ್ದು: ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2020ರಲ್ಲಿ ಬಾದಾಮಿ, ಶೇಂಗಾದಂಥವನ್ನು ನೆನೆಸಿ ಪರೀಕ್ಷೆ ಮಾಡಿದ್ದರು. ಸತ್ವ ಹೀರಲು ಅಡ್ಡಿಯಾಗುತ್ತದೆನ್ನುವ ಫೈಟೇಟ್ ಅಂಶ ಇಡೀ ಕಾಳಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಉಳಿದಿತ್ತು. ಕತ್ತರಿಸಿ ನೆನೆಸಿದ್ದರಲ್ಲಿ ಖನಿಜಗಳೇ ಕಡಿಮೆಯಾಗಿದ್ದವು. ಅಂದರೆ ಯಂತ್ರವಿದ್ದರೂ ದೊಡ್ಡ ಲಾಭವೇನಿರಲಿಲ್ಲ. ನೆನೆದ ಬಾದಾಮಿ ಮೆತ್ತಗಾಗಿ ತಿನ್ನಲು ಹಿತ, ಅಷ್ಟು ನಿಜ. ಅದಕ್ಕೆ ರಾತ್ರಿಗೆ ಐದು ಹಾಕಿ ಬೆಳಿಗ್ಗೆ ತಿಂದರೆ ಸಾಕು. ಒಣಗಿಸುವ ಉಸಾಬರಿಯೇ ಇಲ್ಲ.

ಡಿಸೆಂಬರಿನಲ್ಲಿ ಅವ್ವನೇ ಶೇಂಗಾ ತೆಗೆದಳು. ಅಷ್ಟೊತ್ತಿಗೆ ಕೂಸು ತೊಟ್ಟಿಲಲ್ಲಿತ್ತು. ಮಾಳಿಗೆಯ ಮೇಲೆ ಒಣಗಾಳಿ, ಮೋಡದ ಸುಳಿವಿಲ್ಲ. ಹಳೇ ಧೋತರದ ಮೇಲೆ ಕಾಳಿನ ಮೇಲೆ ಕಾಳು ಬೀಳದಂತೆ ತೆಳ್ಳಗೆ ಹರವಿ, ಇಳಿಹೊತ್ತಿಗೆ ಇಬ್ಬನಿ ಬೀಳುವ ಮೊದಲೇ ಒಳಗೆ ತಂದು ಉಸುಕಿನಲ್ಲಿ ಹುರಿದಳು. ಪೂರ್ತಿ ಆರಿದ ಮೇಲೆ ಒಂದು ಕಾಳು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಮುರಿದಳು. ಟಕ್ ಅಂತು.

"ಕೇಳ್ತಾ?" ಅಂದಳು. "ಈಗ ತುಂಬು."