ಗುಜರಿಯಿಂದ ಅನ್ನದ ಪಾತ್ರೆ: ಅಂಬಾತುಲಾಂಪಿಯ ಹಿತ್ತಲ ಕುಲುಮೆಗಳು

ಮಡಗಾಸ್ಕರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಲೀಮರ್ ಮತ್ತು ಬಾವೊಬಾಬ್ ಮರ. ಆದರೆ ರಾಜಧಾನಿ ಅಂಟನನರಿವೊದಿಂದ ದಕ್ಷಿಣಕ್ಕೆ ಆರ್‌ಎನ್‌7 ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಸಿಗುವ ಅಂಬಾತುಲಾಂಪಿ ಅನ್ನೋ ಊರು ಹೆಸರಾಗಿರೋದು ಪಾತ್ರೆಗಳಿಂದ. ಇಲ್ಲಿನ ಹಿತ್ತಲುಗಳಲ್ಲಿ ಗುಜರಿ ಅಲ್ಯೂಮಿನಿಯಂ ಕರಗಿ ಅನ್ನದ ಪಾತ್ರೆಯಾಗುತ್ತದೆ.

ದಾರಿಯೇ ಚೆಂದ. ಕೆಂಪು ಇಟ್ಟಿಗೆಯ ಮಹಡಿ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ದೊಡ್ಡ ಡುಬ್ಬದ ಎತ್ತುಗಳ ಗಾಡಿ. ಕಿಟಕಿಯಿಂದ ನೋಡುತ್ತಿದ್ದರೆ ಎಷ್ಟೋ ಕಡೆ ನಮ್ಮ ಮಲೆನಾಡಿನ ಹಾಗೇ ಕಾಣುತ್ತದೆ. ಎತ್ತರದ ಪ್ರದೇಶವಾದ್ದರಿಂದ ಜೂನ್-ಜುಲೈನಲ್ಲಿ ಬೆಳಗಿನ ಹೊತ್ತು ಸ್ವೆಟರ್ ಬೇಕೇ ಬೇಕು. ಊರು ಹತ್ತಿರವಾದ ಹಾಗೆ ರಸ್ತೆಯಂಚಿನಲ್ಲಿ ಪಾತ್ರೆಗಳು ಒಂದರೊಳಗೊಂದು ಕೂತು ಬಿಸಿಲಿಗೆ ಹೊಳೆಯುತ್ತವೆ.

ಫ್ಯಾಕ್ಟರಿ ಇರುತ್ತೆ ಅಂದುಕೊಂಡು ಹೋದರೆ ಅಲ್ಲಿರೋದು ಒಂದು ಶೆಡ್ಡು, ಮಣ್ಣಿನ ನೆಲ, ಇದ್ದಿಲಿನ ಕುಲುಮೆ. ಮೂಲೆಯಲ್ಲಿ ಗುಜರಿ ರಾಶಿ: ವಾಹನಗಳ ಪಿಸ್ಟನ್, ಒಡೆದ ಗೇರ್‌ಬಾಕ್ಸ್ ಕವಚ, ಹಳೇ ಪಾತ್ರೆ, ತಂಪು ಪಾನೀಯದ ಡಬ್ಬಿ. ಕೆಲಸಗಾರರು ಬರಿಗಾಲಲ್ಲಿ ಓಡಾಡುತ್ತಾರೆ. ಕೈಗವಸು, ಕನ್ನಡಕ ಯಾವುದೂ ಇಲ್ಲ.

ಇವರ ನಿಜವಾದ ಕಸುಬು ಅಚ್ಚು ಮಾಡುವುದರಲ್ಲಿದೆ. ನುಣುಪಾದ ಮಣ್ಣಿಗೆ ಇದ್ದಿಲಿನ ಪುಡಿ ಬೆರೆಸಿ ಸ್ವಲ್ಪವೇ ತೇವ ಮಾಡುತ್ತಾರೆ. ಮಾದರಿಯಾಗಿ ಇಟ್ಟುಕೊಂಡಿರುವ ಪಾತ್ರೆಯನ್ನು ಬೋರಲು ಹಾಕಿ, ಒಳಗೂ ಹೊರಗೂ ಆ ಮಣ್ಣನ್ನು ತುಂಬಿ, ಕಾಲಿನಿಂದಲೇ ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ಹೊರಗಿನ ಚೌಕಟ್ಟನ್ನು ಎತ್ತಿ, ಪಾತ್ರೆಯನ್ನು ನಾಜೂಕಾಗಿ ಹೊರತೆಗೆದು, ಚೌಕಟ್ಟನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುತ್ತಾರೆ. ಪಾತ್ರೆ ಇದ್ದ ಕಡೆ ಈಗ ಕೆಲವೇ ಮಿಲಿಮೀಟರಿನ ಖಾಲಿ ಜಾಗ. ಕೈ ಒಂಚೂರು ಅಲುಗಿದರೆ ಪಾತ್ರೆಯ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅಳತೆಪಟ್ಟಿ ಮುಟ್ಟೋದೇ ಇಲ್ಲ.

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇದ್ದಿಲಿಗೆ ಗಾಳಿ ಊದಿದರೆ ಅಷ್ಟು ಬಿಸಿ ಸಲೀಸಾಗಿ ಸಿಗುತ್ತದೆ. ಕರಗಿದ ಲೋಹದ ಮೇಲೆ ತೇಲುವ ಕಿಟ್ಟವನ್ನು ಸರಿಸಿ, ಅಚ್ಚಿನ ಬಾಯಿಗೆ ತಡೆಯಿಲ್ಲದೆ ಒಂದೇ ಧಾರೆಯಲ್ಲಿ ಸುರಿಯುತ್ತಾರೆ. ಮಣ್ಣಿನಲ್ಲಿ ನೀರು ಹೆಚ್ಚಾಗಿದ್ದರೆ ಇಲ್ಲೇ ಅಪಾಯ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಕರಗಿದ ಲೋಹ ಮುಖಕ್ಕೇ ಸಿಡಿಯಬಹುದು. ಯೂಟ್ಯೂಬ್ ನೋಡಿ ಮನೆ ಹಿಂದೆ ಟ್ರೈ ಮಾಡೋಣ ಅಂದುಕೊಳ್ಳುವವರು ಇದನ್ನು ಮೊದಲು ತಿಳಿದಿರಬೇಕು.

ಕೆಲವೇ ನಿಮಿಷಕ್ಕೆ ಅಚ್ಚು ಒಡೆದರೆ ಪಾತ್ರೆ ಸಿದ್ಧ. ಅಂಚು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ, ಅಚ್ಚಿನ ಮಣ್ಣು ಮುಂದಿನ ಪಾತ್ರೆಗೆ ಹೋಗುತ್ತದೆ. ಏನೂ ವೇಸ್ಟ್ ಇಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಐದರಷ್ಟಿದ್ದರೆ ಸಾಕು, ಗುಜರಿಯಿಂದ ಹೊಸ ಲೋಹ ಸಿಗುತ್ತದೆ. ಮರುಬಳಕೆಯ ಬಗ್ಗೆ ನಾವು ಆಫೀಸಿನಲ್ಲಿ ಪ್ರೆಸೆಂಟೇಶನ್ ಮಾಡುತ್ತೇವೆ, ಇವರಿಗೆ ಅದು ದಿನದ ಕೂಲಿ.

ಈ ಪಾತ್ರೆಗೆ ಇಲ್ಲಿ ಬೇಡಿಕೆ ತಪ್ಪೋದಿಲ್ಲ, ಯಾಕಂದ್ರೆ ಮಲಗಾಸಿ ಜನ ನಮಗಿಂತ ಒಂದು ಕೈ ಮೇಲಾದ ಅನ್ನಪ್ರಿಯರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನ. ತಳದಲ್ಲಿ ಸೀದು ಹಿಡಿದ ಅನ್ನವನ್ನೂ ಬಿಡುವುದಿಲ್ಲ. ಅದಕ್ಕೇ ನೀರು ಹಾಕಿ ಕುದಿಸಿದರೆ ‘ರಾನೊನಪಾಂಗೊ’ ಎಂಬ ಕಂದು ಬಣ್ಣದ ನೀರಾಗುತ್ತದೆ. ಊಟದ ಜೊತೆ ಕುಡಿಯೋದು ಅದನ್ನೇ. ನಮ್ಮ ಗಂಜಿ ತಿಳಿಯ ದೂರದ ನೆಂಟ ಅನ್ನಬಹುದು.

ಈಗ ಕಷ್ಟದ ಮಾತು. ಗುಜರಿಯಲ್ಲಿ ಅಲ್ಯೂಮಿನಿಯಂ ಮಾತ್ರ ಇರುವುದಿಲ್ಲ. ಬೆಸುಗೆ ಹಾಕಿದ ರೇಡಿಯೇಟರ್, ಎಲೆಕ್ಟ್ರಾನಿಕ್ ಬಿಡಿಭಾಗ, ಬ್ಯಾಟರಿಯ ಚೂರು ಸೇರಿಕೊಂಡರೆ ಸೀಸವೂ ಬರುತ್ತದೆ. ಕಬ್ಬಿಣವನ್ನು ಅಯಸ್ಕಾಂತದಿಂದ ಬೇರೆ ಮಾಡಬಹುದು. ಆದರೆ ಸೀಸ ಅಯಸ್ಕಾಂತಕ್ಕೆ ಸಿಗದು, ಮುಗಿಸಿದ ಪಾತ್ರೆಯಲ್ಲಿ ಕಣ್ಣಿಗೂ ಕಾಣದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ದೇಶಗಳ 42 ಅಲ್ಯೂಮಿನಿಯಂ ಪಾತ್ರೆಗಳನ್ನು ಪರೀಕ್ಷಿಸಿತ್ತು. ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾತ್ರೆಗಳು ಆತಂಕಪಡುವಷ್ಟು ಸೀಸ ಬಿಟ್ಟವು. ಆ ಹತ್ತರಲ್ಲಿ ಭಾರತವೂ ಇತ್ತು. ಸೀಸಕ್ಕೆ ‘ಇಷ್ಟಾದರೆ ಪರವಾಗಿಲ್ಲ’ ಅನ್ನೋ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ಬೆಳೆಯುವ ಮಕ್ಕಳ ಮೆದುಳಿಗೆ.

ಕೋಡ್ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇನ್‌ಪುಟ್ ಕೆಟ್ಟಿದ್ದರೆ ನಡುವಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಔಟ್‌ಪುಟ್ ಕೆಟ್ಟದ್ದೇ. ಹಾಗಂತ ಈ ಕುಲುಮೆಗಳನ್ನು ಮುಚ್ಚಿಸಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಮುಚ್ಚಿದರೆ ಎಷ್ಟೋ ಮನೆಗಳ ಅನ್ನ ಹೋಗುತ್ತದೆ. ಬೇಕಾಗಿರೋದು ಕುಲುಮೆಗೆ ಹೋಗುವ ಮೊದಲು ಗುಜರಿಯನ್ನು ವಿಂಗಡಿಸುವ ವ್ಯವಸ್ಥೆ, ಆಗಾಗ ಒಂದು ಪಾತ್ರೆಯ ಪರೀಕ್ಷೆ. ಆ ಖರ್ಚು ದಿನಗೂಲಿಯವರ ತಲೆ ಮೇಲೆ ಬೀಳಬಾರದು.

ನಮ್ಮ ಅಜ್ಜಿಯಂದಿರು ಕಲಾಯಿ ಹಾಕದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡುತ್ತಿರಲಿಲ್ಲ. ಲೋಹಕ್ಕೂ ಹುಳಿಗೂ ಆಗಿಬರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಗುಜರಿ ಪಾತ್ರೆಗೂ ಅದೇ ಲೆಕ್ಕ: ಹುಣಸೆಹಣ್ಣು, ಟೊಮ್ಯಾಟೊ ಹಾಕಿ ಹೆಚ್ಚು ಹೊತ್ತು ಕುದಿಸಿದಷ್ಟೂ ಲೋಹ ಹೆಚ್ಚು ಬಿಡುತ್ತದೆ. ಸಂತೆಯಲ್ಲಿ ಯಾವ ಗುರುತೂ ಇಲ್ಲದ ಎರಕದ ಬಾಣಲೆ ಅಗ್ಗಕ್ಕೆ ಸಿಕ್ಕರೆ, ಅದು ಯಾವ ಗುಜರಿಯಿಂದ ಬಂತು ಅಂತ ಅಂಗಡಿಯವರನ್ನು ಒಂದು ಮಾತು ಕೇಳಿ. ಉತ್ತರ ಸಿಗದಿದ್ದರೆ ಸಾರಿಗೆ ಸ್ಟೀಲ್ ಪಾತ್ರೆಯೇ ಇರಲಿ.

ಅಂಬಾತುಲಾಂಪಿಗೆ ಹೋಗುವುದಾದರೆ ಮಳೆ ಕಡಿಮೆಯಿರುವ ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೇ ಕಾಲ. ಕಾಲು ಪೂರ್ತಿ ಮುಚ್ಚುವ ಶೂ ಹಾಕಿಕೊಳ್ಳಿ, ಎರಕ ಹೊಯ್ಯುವಾಗ ದೂರ ನಿಲ್ಲಿ, ಕೇಳದೆ ಫೋಟೊ ತೆಗೆಯಬೇಡಿ. ನೋಡಿದ್ದಕ್ಕೆ ಒಂದಿಷ್ಟು ಹಣ ಕೊಡಿ, ಇಲ್ಲವೇ ಚಿಕ್ಕ ಪಾತ್ರೆ ಕೊಂಡುಕೊಳ್ಳಿ. ನಾನು ತಂದಿರುವ ಪಾತ್ರೆಯಲ್ಲಿ ಈಗ ಮನಿಪ್ಲಾಂಟ್ ಬೆಳೆಯುತ್ತಿದೆ.