ನಗೆ ಯಾರ ಮೇಲೆ?

ನಗೆ ಮನುಷ್ಯನಿಗೆ ದೊರೆತ ವರವೆಂದು ಹಿರಿಯರು ಹೇಳುತ್ತಾರೆ. ಆದರೆ ಆ ನಗೆ ಯಾರ ಮೇಲೆ ಬೀಳುತ್ತದೆಂಬುದನ್ನು ನಾವು ವಿಚಾರಿಸುವುದು ಕಡಮೆ.

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರಾದ ನಮಗೆ ಮರಾಠಿಯ ತಮಾಷೆ ಹೊಸದಲ್ಲ. ಅದರಲ್ಲಿ ‘ನಾಚ್ಯಾ’ ಎಂಬ ಪಾತ್ರವುಂಟು. ಹೆಣ್ಣಿನ ಹಾವಭಾವವುಳ್ಳ ಆ ಗಂಡಸು ರಂಗಕ್ಕೆ ಬಂದೊಡನೆ ಜನ ನಗುತ್ತಾರೆ. ಮರುದಿನ ಆ ನಗೆ ಶಾಲೆಯ ಅಂಗಳಕ್ಕೂ ಬರುತ್ತದೆ. ಮೆಲುದನಿಯ ಹುಡುಗನೊಬ್ಬನಿಗೆ ಆ ಹೆಸರು ಅಂಟಿಕೊಳ್ಳುತ್ತದೆ. ಅವನು ಪಾಠ ಓದಲು ಎದ್ದು ನಿಲ್ಲುವುದನ್ನೇ ಬಿಡುತ್ತಾನೆ. ಮುಂದೆ ಅವನು ಯಾರನ್ನು ಮೆಚ್ಚುವನೋ ನಾವರಿಯೆವು. ನಗೆ ಮಾತ್ರ ಈಗಲೇ ತೀರ್ಪನ್ನು ಕೊಟ್ಟಿರುತ್ತದೆ.

ನಗೆಗೆ ಬೇರೆ ದಾರಿಯೂ ಉಂಟು. ಇದೇ ಮರಾಠವಾಡೆಯ ಪೈಠಣದಲ್ಲಿ 16ನೆಯ ಶತಮಾನದ ಸಂತ ಏಕನಾಥರು ಭಾರೂಡಗಳನ್ನು ರಚಿಸಿ, ಹಾಡು ಮತ್ತು ವಿನೋದದಿಂದಲೇ ಡಾಂಭಿಕರನ್ನು ಬಯಲಿಗೆಳೆದರು. ಅಂಥ ಉಪಾಯವನ್ನು ನಮ್ಮ ಕಾಲದ ಅಮೆರಿಕೆಯಲ್ಲಿಯೂ ಕಾಣುತ್ತೇವೆ. 2008ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಮತದಾರರು ಸಲಿಂಗಿಗಳ ವಿವಾಹವನ್ನು ನಿಷೇಧಿಸಿದರು. ಮರುತಿಂಗಳೇ ಸಂಗೀತಕಾರ ಮಾರ್ಕ್ ಶೈಮನ್ ‘ಪ್ರಾಪ್ 8: ದ ಮ್ಯೂಸಿಕಲ್’ ಎಂಬ ಸುಮಾರು ಮೂರು ನಿಮಿಷದ ಗೀತಪ್ರಹಸನವನ್ನು ರಚಿಸಿದರು. ಧರ್ಮಗ್ರಂಥವನ್ನು ಮುಂದೊಡ್ಡಿ ಗದರುವವರ ನಡುವೆ ಯೇಸುವೇ ಬಂದು, ಅದೇ ಗ್ರಂಥ ಸಿಗಡಿ ತಿನ್ನುವುದನ್ನೂ ಖಂಡಿಸಿದೆಯಲ್ಲವೆ ಎಂದು ನೆನಪಿಸುತ್ತಾನೆ. ಇಲ್ಲಿ ನಗೆಗೀಡಾದವರು ತಮಗೊಪ್ಪುವ ವಾಕ್ಯವನ್ನಷ್ಟೇ ಆಯ್ದುಕೊಂಡವರು. ಹಾಡು ಬರುವ ಹೊತ್ತಿಗೆ ಮತದಾನ ಮುಗಿದಿತ್ತು. 2013ರಲ್ಲಿ ಆ ವಿವಾಹಗಳಿಗೆ ಹಾದಿ ಮತ್ತೆ ತೆರೆದದ್ದು ನ್ಯಾಯಾಲಯದ ಮೂಲಕ. ಆದರೂ ಕಾಯಿದೆ ಮುಟ್ಟದ ಮನಸ್ಸನ್ನು ಹಾಡು ಮುಟ್ಟೀತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿತು. 2023ರ ಅಕ್ಟೋಬರ್ 17ರಂದು ಮಾತ್ರ, ಅವರ ವಿವಾಹಕ್ಕೆ ಮನ್ನಣೆ ಕೊಡದೆ, ಅದನ್ನು ಶಾಸನಸಭೆಗೆ ಬಿಟ್ಟಿತು. ಶಾಸನಸಭೆಯ ಹಿಂದೆ ಇರುವವರು ಜನರು, ಎಂದರೆ ನಾವೇ.

ಬಸವಕಲ್ಯಾಣ ನಮಗೆ ದೂರವಲ್ಲ. ಹರಳಯ್ಯ ಮಧುವರಸರು ತಮ್ಮ ಮಕ್ಕಳ ಮದುವೆಗಾಗಿ ಪ್ರಾಣ ತೆತ್ತರೆಂಬ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅಂದು ಲೋಕ ಸಲ್ಲದೆಂದ ಮದುವೆಯನ್ನು ಇಂದು ಕೊಂಡಾಡುವ ನಾವು, ಇಂದು ಸಲ್ಲದೆನಿಸಿದ ಮದುವೆಯನ್ನು ನಕ್ಕು ತಳ್ಳುವುದು ಹೊಂದೀತೆ?

ಸ್ನೇಹಸಮ್ಮೇಳನಕ್ಕೆ ನಾವು ಪ್ರತಿವರ್ಷ ಪ್ರಹಸನ ಬರೆಯುತ್ತೇವೆ. ಈ ಸಲ ಮೆಲುದನಿಯ ಹುಡುಗನಿಗೆ ಒಳ್ಳೆಯ ಹಾಡೊಂದನ್ನು ಕೊಡೋಣ. ನಗುವ ಮಾತುಗಳು ಊರ ಚಾಡಿಕೋರನ ಪಾಲಿಗಿರಲಿ.