ಪೆಂಡೈನಿನ ಮರಳು

ವೇಲ್ಸ್ ನಾಡಿನ ದಕ್ಷಿಣ ಕರಾವಳಿಯಲ್ಲಿ ಪೆಂಡೈನ್ ಎಂಬುದೊಂದು ಪುಟ್ಟ ಗ್ರಾಮ. ಅದರ ಮುಂದೆ ಏಳು ಮೈಲಿ ಉದ್ದದ ಮರಳುದಂಡೆ. ಕಡಲು ಇಳಿದಾಗ ಆ ನೆಲ ಹಾಸುಗಲ್ಲಿನಂತೆ ಗಟ್ಟಿ, ಅಂಗೈಯಂತೆ ಸಮ. ವೇಗದ ಹುಚ್ಚು ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇರೆ ಯಾವುದು?

ವೇಲ್ಸಿನವನೇ ಆದ ಎಂಜಿನಿಯರ್ ಪ್ಯಾರಿ ಥಾಮಸ್, ತೀರಿಹೋದ ಶ್ರೀಮಂತನೊಬ್ಬನ ಕಾರನ್ನು 125 ಪೌಂಡಿಗೆ ಕೊಂಡು ತನ್ನ ಕೈಯಾರೆ ತಿದ್ದಿ ಕಟ್ಟಿದನು. ಅದರ ಒಡಲಲ್ಲಿದ್ದುದು 27 ಲೀಟರಿನ ವಿಮಾನದ ಎಂಜಿನು! 'ಬೇಬ್ಸ್' ಎಂಬ ಮುದ್ದು ಹೆಸರಿನ ಆ ದೈತ್ಯನು 1926ರ ಏಪ್ರಿಲ್ 28ರಂದು ಗಂಟೆಗೆ 171 ಮೈಲಿಗೂ ಮಿಗಿಲಾಗಿ ಓಡಿ ವಿಶ್ವದಾಖಲೆ ಸ್ಥಾಪಿಸಿತು.

ಮರುವರ್ಷ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಇದೇ ಮರಳಿನ ಮೇಲೆ ಆ ದಾಖಲೆಯನ್ನು ಮುರಿದನು. ಅದನ್ನು ಮರಳಿ ಪಡೆಯಲು ಮಾರ್ಚ್ 3ರಂದು ಹೊರಟ ಥಾಮಸ್ ಕಾರುರುಳಿ ಮಡಿದನು. ಬೇಬ್ಸ್ ಕಾರನ್ನು ಅಲ್ಲಿಯೇ ಮರಳಿನಲ್ಲಿ ಹೂಳಲಾಯಿತು.

ನಲವತ್ತೆರಡು ವರ್ಷಗಳ ಮೇಲೆ, 1969ರಲ್ಲಿ, ಎಂಜಿನಿಯರಿಂಗ್ ಅಧ್ಯಾಪಕ ಓವೆನ್ ವಿನ್ ಓವೆನ್ ಅದನ್ನು ಅಗೆದು ತೆಗೆಸಿದನು. ಸಮಾಧಿಯನ್ನು ಕೆದಕುವುದು ಸರಿಯೇ? ಆತನ ಉತ್ತರ ಮಾತಿನಲ್ಲಿರಲಿಲ್ಲ, ಕೆಲಸದಲ್ಲಿತ್ತು. ತುಕ್ಕು ತಿಂದ ಲೋಹವನ್ನು ಆತ ವರ್ಷಾನುಗಟ್ಟಲೆ ತಾಳ್ಮೆಯಿಂದ ತಿದ್ದಿದನು. ಬೇಬ್ಸ್ ಮತ್ತೆ ಗುಡುಗಿತು.

ಪೆಂಡೈನಿನಲ್ಲಿ ಕಡಲು ದಿನವೂ ಚಕ್ರದ ಗುರುತುಗಳನ್ನು ಅಳಿಸುತ್ತದೆ. ಮನುಷ್ಯನ ಛಲವನ್ನು ಮಾತ್ರ ಅಳಿಸಲಾರದು.